ಗೋಡೆಯಾಚೆಯ ಷಡ್ಜ

ದೆವ್ವ, ಪವಾಡ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದ ಮನುಷ್ಯ. ಪಂಪು, ಮೋಟಾರು ರಿಪೇರಿ ಮಾಡುತ್ತ ಆಯುಷ್ಯ ಕಳೆದವನು. ಸದ್ದು ಬಂತೆಂದರೆ ಅದಕ್ಕೊಂದು ಕಾರಣ ಇರಲೇಬೇಕು, ಹುಡುಕಿದರೆ ಸಿಕ್ಕೇ ಸಿಗುತ್ತದೆ ಎಂದು ನಂಬಿದವನು. ಈಗಲೂ ಹಾಗೆಯೇ ನಂಬುತ್ತೇನೆ, ಒಂದು ಸದ್ದಿನ ವಿಷಯ ಬಿಟ್ಟು.

ನನ್ನ ಹೆಂಡತಿ ಸುಮಿತ್ರಾ ಹಾಡುವವಳು. ಕುತ್ತಿಗೆಯ ಆಪರೇಷನ್ ಆದ ಮೇಲೆ ಅವಳ ದನಿ ತಗ್ಗಿತು. ಮಾತಿಗೇನೂ ಕೊರತೆಯಿರಲಿಲ್ಲ, ಆದರೆ ಮೊದಲಿನ ಶ್ರುತಿಗೆ ಕಂಠ ಏರುತ್ತಿರಲಿಲ್ಲ. ತಗ್ಗಿಸಿಕೊಂಡು ಹಾಡು ಎಂದರೆ, ಅದು ನನ್ನ ದನಿಯೇ ಅಲ್ಲ ಎನ್ನುತ್ತಿದ್ದಳು. ವರ್ಷವಾದರೂ ಮನೆಯಲ್ಲಿ ಒಂದು ಸ್ವರ ಕೇಳಲಿಲ್ಲ. ಕೊನೆಗೊಂದು ದಿನ, ತಂಬೂರಿಯನ್ನು ಅದನ್ನು ಮಾಡಿಕೊಟ್ಟ ಮಿರಜದ ಕಾರೀಗರರಿಗೇ ಮರಳಿ ಕೊಟ್ಟುಬಿಡೋಣ, ಕಲಿಯುವವರು ಯಾರಾದರೂ ನುಡಿಸಲಿ ಎಂದಳು. ತಂಬೂರಿ ಮನೆ ಬಿಟ್ಟರೆ ಅವಳ ಹಾಡೂ ಮನೆ ಬಿಡುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ಒಪ್ಪಿಕೊಂಡೆ.

ಹೆದ್ದಾರಿ ಬೇಡ, ಹಳೆಯ ರಸ್ತೆ ಹಿಡಿದು ಅಲ್ಲಲ್ಲಿ ನಿಲ್ಲುತ್ತ ಹೋಗೋಣ ಎಂದವನು ನಾನೇ. ದಾರಿ ಉದ್ದವಾದರೆ ಅವಳ ಮನಸ್ಸು ತಿರುಗೀತೆಂಬ ಆಸೆ. ಧಾರವಾಡ ಬಿಡುವ ಮುಂಚೆ ತಂತಿ ಸಡಿಲಿಸಿರಿ ಎಂದು ಅವಳು ಹೇಳಿದ್ದಳು. ನಾನು ಎಲ್ಲವನ್ನೂ ಬಿಚ್ಚಿ, ಸುರುಳಿ ಸುತ್ತಿ, ಕಾರಿನ ಡಿಕ್ಕಿಯಲ್ಲಿಟ್ಟೆ. ಬರಿಯ ತಂಬೂರಿಯನ್ನು ಕೌದಿಯಲ್ಲಿ ಸುತ್ತಿ ಹಗ್ಗ ಬಿಗಿದೆ.

ಲಿಂಗನೂರು ದಾಟಿ ಮಿರಜ ಇನ್ನೇನು ಬಂತು ಎನ್ನುವಲ್ಲಿ ರಸ್ತೆಗೆ ಹತ್ತಿಕೊಂಡೇ ಒಂದು ಹಳೆಯ ಲಾಡ್ಜು. ಊರಿಗೊಂದು ಕಾರು ಇದ್ದರೆ ಹೆಚ್ಚು ಎನ್ನುವ ಕಾಲದಲ್ಲಿ ಕಟ್ಟಿದ್ದು. ಕಲ್ಲಿನ ಗೋಡೆ, ಪ್ರತಿ ಖೋಲಿಯ ಪಕ್ಕಕ್ಕೂ ಕಾರಿಗೊಂದು ತಗಡಿನ ಚಪ್ಪರ. ನಡೆಸುವವರು ಕನ್ನಡ ಮಾತಿನ ಜೈನ ಮುದುಕಿ. ಎಲ್ಲರೂ ಅವರನ್ನು ಮಾವಶಿ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು.

"ಹೊತ್ತ ಮುಳುಗೂದ್ರೊಳಗ ಉಂಡ ಬಿಡ್ರಿ," ಎಂದರು ಮಾವಶಿ. "ಆಮ್ಯಾಲ ಒಲಿ ಹಚ್ಚೂದಿಲ್ಲ. ಚಾನೂ ಸಿಗೂದಿಲ್ಲ."

ಬಿಸಿಲಿರುವಾಗಲೇ ಊಟ ಮುಗಿಸಿದ್ದರಿಂದ ಸಂಜೆಯೆಲ್ಲ ಖಾಲಿ ಉಳಿಯಿತು. ಕರೆಂಟೂ ಇರಲಿಲ್ಲ. ತಂಬೂರಿಯನ್ನು ಕೌದಿ ಸಮೇತ ಖೋಲಿಯ ಮೂಲೆಗೆ ಒರಗಿಸಿದ್ದೆ. ಸುಮಿತ್ರಾ ಒಳಗೆ ಮಂಚದ ಮೇಲೆ ಕುಳಿತಿದ್ದಳು. ನಾನು ಹೊರಗೆ ಪಡಸಾಲೆಯಲ್ಲಿ ಗೋಡೆಗೆ ಒರಗಿ, ಕಬ್ಬಿನ ಟ್ರ್ಯಾಕ್ಟರುಗಳು ಹೋಗುವುದನ್ನು ನೋಡುತ್ತಿದ್ದೆ. ರಸ್ತೆ ಸ್ವಲ್ಪ ಸುಮ್ಮನಾದಾಗ ಗೋಡೆಯಾಚೆಯಿಂದ ಝೇಂಕಾರ ಕೇಳಿಸಿತು. ತಂಬೂರಿಯದೇ. ಮದುವೆಯಾದಾಗಿನಿಂದ ಕೇಳಿದ ಸದ್ದು, ತಪ್ಪುವ ಮಾತೇ ಇಲ್ಲ. ಮೊಬೈಲಿನ ತಂಬೂರಿ ಹಚ್ಚಿದಳೇನೋ ಎಂದುಕೊಂಡೆ. ಇಬ್ಬರ ಮೊಬೈಲೂ ನನ್ನ ಜೇಬಿನಲ್ಲಿದ್ದವು.

ಆಮೇಲೆ ಅವಳ ದನಿ ಬಂತು. ಒಂದೇ ಷಡ್ಜ, ತಗ್ಗಿನದು, ಮೊದಲು ನಡುಗಿ ಆಮೇಲೆ ನಿಂತಿತು. ಎದ್ದರೆ ಎಲ್ಲಿ ನಿಂತುಹೋಗುತ್ತದೋ ಎಂದು ಅಲುಗಾಡದೆ ಕುಳಿತೆ. ಹೆದರಿಕೆಯಾಗಲಿಲ್ಲ. ಅಳು ಬಂತು, ಅಷ್ಟೇ.

ಎಲ್ಲ ಸುಮ್ಮನಾದ ಮೇಲೆ ಒಳಗೆ ಹೋದೆ. ತಂಬೂರಿ ಮೂಲೆಯಲ್ಲಿ ಕೌದಿಯೊಳಗೆ ಹಾಗೆಯೇ ಇತ್ತು, ನಾನು ಹಾಕಿದ ಗಂಟೂ ಹಾಗೆಯೇ. ಅವಳು ಕಣ್ಣೊರೆಸಿಕೊಂಡು, "ಮಾವಶಿ ಒಂದೀಟು ಚಾ ಕೊಟ್ಟಾರೇನ್ರಿ?" ಎಂದಳು. ಸಿಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು.

ಬೆಳಿಗ್ಗೆ ಮಾವಶಿಯನ್ನು ಕೇಳಿದೆ, ಆ ಖೋಲಿಯಲ್ಲಿ ಹಿಂದೆ ಗವಾಯಿಗಳು ಯಾರಾದರೂ ಇಳಿದುಕೊಳ್ಳುತ್ತಿದ್ದರೇ ಎಂದು.

"ಇಲ್ರಿ. ಸಾಂಗ್ಲಿ ಪ್ಯಾಟಿಗೆ ಬರೋ ಅರಿಶಿಣದ ವ್ಯಾಪಾರಿಗೋಳು ಇಳೀತಿದ್ರು. ಅವರ ಗೊರಕಿ ಬಿಟ್ರ ಆ ಖೋಲ್ಯಾಗ ನಾ ಮತ್ತೇನೂ ಕೇಳಿಲ್ಲ ಬಿಡ್ರಿ."

ಮಿರಜದಲ್ಲಿ ಕೌದಿ ಬಿಚ್ಚಿದ ಕಾರೀಗರರು ಮುಖ ಸಿಂಡರಿಸಿದರು. "ತಂತಿ ಎಲ್ಲಾ ಯಾಕ್ರಿ ಬಿಚ್ಚಿದ್ರಿ?"

"ಇವರಿಗೆ ಎಲ್ಲಾನೂ ಪಂಪಿನಂಗ ಕಾಣತಾವ," ಎಂದಳು ಸುಮಿತ್ರಾ. ಈಗ ಕೊಟ್ಟುಬಿಡುತ್ತಾಳೆ ಎಂದು ನಾನು ಬಾಗಿಲ ಕಡೆ ತಿರುಗಿದೆ. ಆದರೆ ಅವಳು, "ಬ್ಯಾರೆ ತಂತಿ ಹಾಕಿ ಕೊಡ್ರಿ. ಮೊದಲಿನಕಿಂತ ತಗ್ಗಿನ ಶ್ರುತಿಗೆ," ಎಂದಳು. ಎಷ್ಟು ತಗ್ಗು ಎಂದು ಅವರು ಕೇಳಿದ್ದಕ್ಕೆ ಹಿಂದೆ ಮುಂದೆ ನೋಡದೆ ಆ ಷಡ್ಜ ಹಿಡಿದು ತೋರಿಸಿದಳು.

ತಿರುಗಿ ಬರುವಾಗ ಕಾರಿನಲ್ಲಿ ಕೇಳಿದೆ, "ಈ ಶ್ರುತಿ ಎಲ್ಲಿಂದ ಹಿಡಿದಿ?"

"ನಿನ್ನೆ ಸಂಜಿಕೆ ಪಡಸಾಲ್ಯಾಗ ಕುಂತು ನೀವಽ ಗುನುಗಾಕತ್ತಿದ್ರಲ್ರಿ," ಎಂದಳು. "ಇಷ್ಟ ವರ್ಷದಾಗ ಮೊದಲನೇ ಸಲ ಸುರದಾಗ ಇದ್ರಿ."

ಮನೆಯಲ್ಲಿ ಆರತಿಯಾಗುವಾಗ, ಚಪ್ಪಾಳೆ ಮಾತ್ರ ತಟ್ಟಿರಿ, ಬಾಯಿ ತೆಗೆಯಬೇಡಿರಿ ಎಂದು ನನಗೆ ಇದೇ ಸುಮಿತ್ರಾ ಹೇಳುತ್ತಾಳೆ. ನಾನಲ್ಲ, ನನಗೆ ಒಳಗಿನಿಂದ ತಂಬೂರಿ ಕೇಳಿಸಿತು ಎಂದರೆ ನಕ್ಕುಬಿಡುತ್ತಾಳೆ, ನಂಬುವುದಿಲ್ಲ. ಈಗ ದಿನಾ ಬೆಳಿಗ್ಗೆ ಅದೇ ಶ್ರುತಿಯಲ್ಲಿ ಹಾಡುತ್ತಾಳೆ. ನಾನು ಪಕ್ಕದ ಕೋಣೆಯಲ್ಲಿ ಗೋಡೆಗೆ ಒರಗಿ ಕೇಳುತ್ತೇನೆ. ನೀವಾದರೂ ನಂಬಿ, ಆ ಸಂಜೆ ನಾನು ತುಟಿ ಎರಡು ಮಾಡಿರಲಿಲ್ಲ.