ಮಲ್ಪೆಯ ದೋಣಿಗೆ ರಾಜಾಜಿನಗರದ ತಂತಿ

ಬೆಂಗಳೂರಿನ ಬಾಪೂಜಿ ನಗರದ ಜಗದಾಂಬಾ ಸಮುದ್ರ ಕಂಡವಳಲ್ಲ. ಅವಳ ಪಾಲಿಗೆ ದೊಡ್ಡ ನೀರೆಂದರೆ ಕೆಂಗೇರಿ ಕೆರೆ. ಆದರೂ ೧೯೮೬ರಲ್ಲಿ ಮಲ್ಪೆಯ ಮೀನುದೋಣಿಯೊಂದರ ಯಂತ್ರಗಳಿಗೆ ತಂತಿ ಬೆಸೆದವಳು ಅವಳೇ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ತಗಡಿನ ಶೆಡ್ಡು. ಎಂಜಿನಿಯರ್ ಲಕ್ಷ್ಮೀಪತಿ ಅದರ ಮಾಲೀಕ. ನೀರಿನ ಆಳ ಅಳೆಯುವ ಯಂತ್ರ ಹೇಳಿದ್ದನ್ನು ಚುಕ್ಕಾಣಿ ಹಿಡಿದವನ ಮುಂದಿನ ಪರದೆಗೆ ಮುಟ್ಟಿಸುವುದು ಅವರು ಹೊಸದಾಗಿ ಕೈಹಾಕಿದ್ದ ಕೆಲಸ.

ಇದಕ್ಕೆ ಮುಂಚೆ ಜಗದಾಂಬಾ ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದಳು. ಆ ಪುಡಿ ಎದೆಗಿಳಿದು, ಕೆಮ್ಮಿ ಕೆಮ್ಮಿ ಹೈರಾಣಾಗಿದ್ದಳು. ಅತ್ತೆ ಪಟಾಲಮ್ಮ ಎಷ್ಟು ಗೊಣಗಿದರೂ ಕಿವಿಗೆ ಹಾಕಿಕೊಳ್ಳದೆ ಶೆಡ್ಡಿಗೆ ಸೇರಿದಳು, ಕೆಮ್ಮು ನಿಂತಿತು. ಈಗ ಲಕ್ಷ್ಮೀಪತಿ ಮಲ್ಪೆಗೆ ಹೊರಡುವಾಗ, "ಇದು ಕೈಕೊಟ್ರೆ ದೋಣಿ ಕೆಲ್ಸ ನಿಲ್ಲಿಸ್ಬಿಡ್ತೀನಿ ಕಣಮ್ಮ" ಎಂದುಬಿಟ್ಟಿದ್ದರು. ನಿಂತರೆ ಅವಳಿಗೆ ಮತ್ತೆ ಅದೇ ಪುಡಿ, ಅದೇ ಕೆಮ್ಮು.

ಶೆಡ್ಡಿನ ಪಕ್ಕದ ನಂಜುಂಡಪ್ಪನ ಹಾರ್ಡ್‌ವೇರ್ ಅಂಗಡಿಗೆ ಬೆಳಿಗ್ಗೆಯೇ ಮಲ್ಪೆಯಿಂದ ಲಕ್ಷ್ಮೀಪತಿಯವರ ಟ್ರಂಕ್ ಕಾಲ್ ಬಂತು.

"ಜಗದಾಂಬಾ, ಪರದೆ ಮೇಲೆ ಏನೂ ಬರ್ತಾ ಇಲ್ಲ! ಅಲ್ಲಿರೋ ಇನ್ನೊಂದು ಸೆಟ್ ಹಾಕಿ ನೋಡು."

ತನ್ನ ಬೆಸುಗೆಯೇ ಬಿಟ್ಟಿರಬೇಕು ಎಂದುಕೊಂಡು ಜಗದಾಂಬಾ ರಿಸೀವರ್ ಪಕ್ಕಕ್ಕಿಟ್ಟು ಶೆಡ್ಡಿಗೆ ಓಡಿದಳು. ಗುಜರಿಯಿಂದ ತಂದ ಕಬ್ಬಿಣದ ಮೇಜಿನ ಮೇಲೆ ಎರಡನೇ ಸೆಟ್ಟು ಎಂದಿನಂತೆ ಸರಾಗವಾಗಿ ನಡೆಯುತ್ತಿತ್ತು. ಪರೀಕ್ಷೆಗೆಂದು ಯಂತ್ರ ಒಂದು ಸುಳ್ಳು ಆಳ ಹೇಳುತ್ತಿತ್ತು, ಪರದೆ ಅದನ್ನು ತೋರಿಸುತ್ತಿತ್ತು. ಸಾರ್ ಕೇಳಿದ್ದಕ್ಕೆಲ್ಲ ನೋಡಿಕೊಂಡೇ ಉತ್ತರ ಕೊಡೋಣವೆಂದು ಯಂತ್ರದ್ದೊಂದು, ಪರದೆಯದ್ದೊಂದು ತಗಡಿನ ಪೆಟ್ಟಿಗೆ, ಎರಡು ಬ್ಯಾಟರಿ ಹೊತ್ತು ತಂದು ಫೋನಿನ ಪಕ್ಕ ಮರದ ಕೌಂಟರಿನ ಮೇಲೆ ಜೋಡಿಸಿದಳು. ಪರದೆ ಖಾಲಿ!

"ಸಾರ್, ಇದೂ ಹೋಯ್ತು ಸಾರ್! ನಮ್ಮ ಮೇಜಿನ ಮೇಲೆ ಚೆನ್ನಾಗಿತ್ತು, ಇಲ್ಲಿ ಕೌಂಟರ್ ಮೇಲೆ ಇಟ್ಟಿದ್ದೇ ತಡ, ನಿಂತೋಯ್ತು!"

ಕೆಲಸ ಹೋಯಿತು ಎಂದೇ ಅವಳು ಕಣ್ಣೊರೆಸಿಕೊಂಡಳು.

"ಕೌಂಟರ್ ಯಾವುದ್ರದ್ದಮ್ಮ?"

"ಮರದ್ದು ಸಾರ್."

"ಅಯ್ಯೋ ಶಿವನೇ, ದೋಣೀನೂ ಮರದ್ದೇ!" ಎಂದು ಲಕ್ಷ್ಮೀಪತಿ ಜೋರಾಗಿ ನಕ್ಕರು. ಕರೆಂಟು ಯಂತ್ರದಿಂದ ಪರದೆಗೆ ಹೋಗಲು ಒಂದು ತಂತಿ ಬೇಕು, ಮರಳಲು ಇನ್ನೊಂದು. ಅವರಿಬ್ಬರೂ ಹಾಕಿದ್ದು ಒಂದೇ. ಮರಳುವ ದಾರಿಯ ಚಾಕರಿಯನ್ನು ಇಷ್ಟು ದಿನ ಆ ಕಬ್ಬಿಣದ ಮೇಜೇ ಸದ್ದಿಲ್ಲದೆ ಮಾಡಿಕೊಂಡು ಬಂದಿತ್ತು! ಡಿಗ್ರಿ ಓದಿದ ಸಾರ್‌ಗೂ ಹೊಳೆದಿರಲಿಲ್ಲ, ಬೆಸುಗೆ ಹಾಕಿದ ಇವಳಿಗೂ ಹೊಳೆದಿರಲಿಲ್ಲ.

"ನಿನ್ ಬೆಸುಗೆ ಗಟ್ಟಿಯಾಗಿದೆ. ಇನ್ನೊಂದು ವೈರ್ ಎಳೆದು ನೋಡು. ನಾನೂ ಇಲ್ಲಿ ಎಳೀತೀನಿ."

ನಂಜುಂಡಪ್ಪನ ಅಂಗಡಿಯ ತಂತಿಯನ್ನೇ ತುಂಡರಿಸಿ ಜಗದಾಂಬಾ ಎರಡೂ ಪೆಟ್ಟಿಗೆಗಳಿಗೆ ಸಿಕ್ಕಿಸಿದಳು. ಪರದೆ ಬೆಳಗಿತು. ಅವಳ ಎದೆ ಮೇಲಿನ ಕಲ್ಲು ಅರ್ಧ ಇಳಿಯಿತು. ಉಳಿದರ್ಧ ಮಲ್ಪೆಯಲ್ಲಿತ್ತು. ಮಧ್ಯಾಹ್ನದವರೆಗೆ ಅವಳು ಊಟದ ಡಬ್ಬಿ ಮುಟ್ಟಲಿಲ್ಲ.

ಮತ್ತೆ ಫೋನು ಬಡಿದುಕೊಂಡಿತು. "ಬಂತಮ್ಮಾ! ಬಂದರು ದಾಟಿ ಹೋಗಿ ಬಂದ್ವಿ, ಎಲ್ಲ ಕಡೆ ಸರಿಯಾಗಿ ಆಳ ತೋರಿಸ್ತು. ದೋಣಿಯವರು ನಮಗೆಲ್ಲ ಊಟ ಹಾಕ್ತಿದಾರೆ."

ಜಗದಾಂಬಾ ಮೊಳೆ ಮೂಟೆಯ ಮೇಲೆ ಕುಸಿದು ಕೂತು, ನಗುತ್ತಲೇ ಅತ್ತಳು. ಏನೆಂದು ತಿಳಿಯದ ನಂಜುಂಡಪ್ಪ ಗಾಬರಿಯಾಗಿ ನೀರು ತಂದುಕೊಟ್ಟ.

"ಹಾಗಾದ್ರೆ... ನಾಳೆ ನಾನು ಕೆಲ್ಸಕ್ಕೆ ಬರ್ಬೇಕಾ ಸಾರ್?"

"ಬರದೆ ಮತ್ತೆ? ಇನ್ನೂ ನಾಲ್ಕು ದೋಣಿಯವರು ಕೇಳ್ತಾ ಇದಾರೆ. ಬೇಗ ಬಾಮ್ಮ."