ಮ್ಯಾಲಿನ ಕಂಡಕ್ಟರ್

ನಮ್ಮ ಬ್ಯಾಡಗಿಯಲ್ಲಿ ಲಕ್ಷ್ಮಪ್ಪನ ಮನೆ ಯಾವುದೆಂದು ಕೇಳಿದರೆ ಯಾರೂ ಹೇಳಲಾರರು. ಡಬಲ್ ಡೆಕ್ಕರ್ ಮನೆ ಎಂದರೆ ಕೈಹಿಡಿದು ಕರೆತಂದು ಬಿಡುತ್ತಾರೆ. ನನ್ನ ಹಿಟ್ಟಿನ ಗಿರಣಿಯ ಪಕ್ಕದ್ದೇ. ಕೆಳಗೊಂದು ಕೋಣೆ, ಮೇಲೊಂದು ಕೋಣೆ, ಹೊರಗಿನಿಂದ ಕಿರಿದಾದ ಮೆಟ್ಟಿಲು. ಸಾಲದ್ದಕ್ಕೆ ಕೆಂಪು ಬಣ್ಣ ಬೇರೆ.

ಲಕ್ಷ್ಮಪ್ಪ ಮುಂಬಯಿಯಲ್ಲಿ ಇಪ್ಪತ್ತೆಂಟು ವರ್ಷ ಡಬಲ್ ಡೆಕ್ಕರ್ ಬಸ್ಸಿನ ಕಂಡಕ್ಟರ್ ಆಗಿದ್ದ. ಆ ಬಸ್ಸಿಗೆ ಕೆಳಗೊಬ್ಬ, ಮೇಲೊಬ್ಬ, ಹೀಗೆ ಇಬ್ಬರು ಕಂಡಕ್ಟರು. ಇವನು ಮೇಲಿನವನು. ಕೆಳಗೇನು ನಡೆದಿದೆ ಎಂಬುದು ಅವನಿಗೆ ಕಾಣದು, ಗಂಟೆಯಿಂದಲೇ ತಿಳಿಯಬೇಕು. ಒಂದು ಬಾರಿಸಿದರೆ ನಿಲ್ಲು, ಎರಡಾದರೆ ಹೊರಡು. ಹಳೆಯ ಡಬಲ್ ಡೆಕ್ಕರ್‌ಗಳನ್ನು ರಸ್ತೆಯಿಂದ ತೆಗೆದ ವರ್ಷವೇ ಇವನೂ ನಿವೃತ್ತನಾಗಿ ಊರಿಗೆ ಬಂದ.

ಹೆಂಡತಿ ಗುತ್ತೆವ್ವ ಅಷ್ಟು ವರ್ಷವೂ ಇಲ್ಲೇ ಇದ್ದು, ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ, ಮಗಳು ಸುನಿತಾಳನ್ನು ರಾಣೆಬೆನ್ನೂರಿಗೆ ಮದುವೆ ಮಾಡಿಕೊಟ್ಟವಳು. ಗಂಡ ಬರುವ ಹೊತ್ತಿಗೆ ಅವಳ ಹೃದಯ ಸೋತಿತ್ತು. ಮೆಟ್ಟಿಲು ಹತ್ತಬಾರದು ಎಂದರು ಡಾಕ್ಟರು. ಇವನಿಗೋ ಕೆಳಗೆ ಕೂತರೆ ಉಸಿರು ಕಟ್ಟುತ್ತಿತ್ತು, ಮೇಲಿನ ಕಿಟಕಿಯೇ ಬೇಕು. ಇಷ್ಟು ವರ್ಷ ಬಿಟ್ಟಿದ್ದವನು ಮತ್ತೆ ಅವಳನ್ನು ಕೆಳಗೇ ಬಿಟ್ಟು ಹತ್ತಿ ಕೂತನಲ್ಲ ಎಂದು ನನಗೆ ಸಿಟ್ಟು ಬರುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇವನದು ನೌಕರಿಯ ಗುಣ, ಅದೂ ಹೋಗಲಿಲ್ಲ.

ಅವಳಿಗೆ ಏನಾದರೂ ಆದರೆ ತಿಳಿಯಲಿ ಎಂದು ಅವಳ ಮಂಚದಿಂದ ಮೇಲಿನ ಕೋಣೆಗೆ ಹಗ್ಗ ಎಳೆದು, ತುದಿಗೆ ಹಿತ್ತಾಳೆ ಗಂಟೆ ಕಟ್ಟಿದ.

“ಎರಡ ಸಲ ಜಗ್ಗಿದ್ರ ಓಡಿ ಬರ್ತೇನಿ. ಒಂದ ಸಲ ಜಗ್ಗಿದ್ರ, ನಾ ಆರಾಮ ಅದೀನಿ, ಅಲ್ಲೇ ಇರು ಅಂತ,” ಎಂದು ಕಲಿಸಿದ.

“ನಾ ಏನ ನಿಮ್ಮ ಬಸ್ಸೇನ್ರಿ?” ಎಂದು ಗುತ್ತೆವ್ವ ನಕ್ಕಳು.

ದಿನವೂ ಮಧ್ಯಾಹ್ನ ಗುಳಿಗೆ ನುಂಗಿ ಒಂದು ಸಲ ಜಗ್ಗುತ್ತಿದ್ದಳು. ಗಿರಣಿ ನಿಂತಿದ್ದರೆ ನನಗೂ ಕೇಳುತ್ತಿತ್ತು.

ಹೋದ ಮಾಘದಲ್ಲಿ ಒಂದು ದಿನ, ಗುಳಿಗೆಯ ಹೊತ್ತು ಯಾವಾಗಲೋ ಮೀರಿದ ಮೇಲೆ, ಸಂಜೆ ನಾಲ್ಕಕ್ಕೆ ಟಣ್ ಎಂದಿತು. ಒಂದೇ ಸಲ. ಹೊತ್ತಲ್ಲದ ಹೊತ್ತಿನಲ್ಲಿ ಯಾಕೆ ಎಂದು ನಾನೂ ಎದ್ದು ನೋಡಲಿಲ್ಲ. ಅರ್ಧ ತಾಸಿನ ಮೇಲೆ ಲಕ್ಷ್ಮಪ್ಪ ಚಹಾಕ್ಕೆ ಇಳಿದಾಗ ಗುತ್ತೆವ್ವ ಮಂಚದ ಅಂಚಿಗೆ ವಾಲಿದ್ದಳು. ಹಗ್ಗ ಕೈಯಲ್ಲೇ ಇತ್ತು. ಜೀವ ಇರಲಿಲ್ಲ.

ಅವನು ಅಳಲಿಲ್ಲ. ಸುನಿತಾ ಬಂದು ಗೋಳಾಡುವಾಗ ಇವನು ಬಂದವರಿಗೆಲ್ಲ “ಬರ್ರಿ, ಕುಂದ್ರಿ” ಎನ್ನುತ್ತ ನಿಂತಿದ್ದ. ದಿನಕರ್ಮ ಮುಗಿಯಿತು. ಹೊತ್ತಿಗೆ ಉಂಡ, ಹೊತ್ತಿಗೆ ಮಲಗಿದ. ಮೇಲೆ ಮಾತ್ರ ಹತ್ತಲಿಲ್ಲ. ಕೆಳಗೆ ಅವಳ ಮಂಚದಲ್ಲೇ ಮಲಗುತ್ತಾನೆ. ಮಗಳು ಹಗ್ಗ ಬಿಚ್ಚಲು ಹೋದರೆ “ಇರಲಿ ಬಿಡವಾ” ಎಂದನಂತೆ.

ಮೊನ್ನೆ ಜೋಳ ಬೀಸಿಸಲು ಬಂದಿದ್ದ. ಹಿಟ್ಟಿಗೆ ಕಾಯುತ್ತ ಕೂತವನನ್ನು, ಇಷ್ಟು ದಿನ ತಡೆದುಕೊಂಡಿದ್ದನ್ನು, ಕೇಳಿಯೇಬಿಟ್ಟೆ.

“ಅವತ್ತ ಗಂಟಿ ನಿನಗ ಕೇಳಲಿಲ್ಲೇನೋ ಲಕ್ಷ್ಮಪ್ಪ?”

“ಕೇಳಿತ್ತು,” ಎಂದ. ದನಿಯಲ್ಲಿ ಏನೂ ಇರಲಿಲ್ಲ. “ಎದ್ದು ಚಪ್ಪಲಿನೂ ಮೆಟ್ಟಿದ್ದೆ. ಬಾಗಿಲದಾಗ ನಿಂತು ಇನ್ನೊಂದಕ್ಕ ಕಾದೆ. ಬರಲಿಲ್ಲ. ಆರಾಮ ಅದಾಳ ಅಂತ ಚಪ್ಪಲಿ ಬಿಟ್ಟು ಒಳಗ ಹೋಗಿ ಕುಂತೆ.”