ಅತ್ತೆಯ ಕೆಮ್ಮು ನಿಂತ ದಿನ

ಬೀದಿಯವರೆಲ್ಲ ಅವಳನ್ನು ದಿಂಬಕ್ಕ ಎಂದೇ ಕರೆಯುತ್ತಾರೆ. ಮದುವೆಯಾಗಿ ಬಂದ ಹದಿನಾಲ್ಕು ವರ್ಷದಲ್ಲಿ ಅವಳು ಹೊಲಿದ ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿದರೆ ನೀರಿನ ಟ್ಯಾಂಕಿನಷ್ಟು ಎತ್ತರ ಆಗುತ್ತದೆ ಎಂದು ಅವಳ ಗಂಡ ತಮಾಷೆ ಮಾಡುವುದುಂಟು. ಅವನದು ಹಾಸಿಗೆ ಅಂಗಡಿ. ಅಂಗಡಿ ಅಂದರೆ ದೊಡ್ಡದೇನಲ್ಲ, ಮನೆಯ ಮುಂದಿನ ಕೋಣೆ ಅಷ್ಟೇ. ಅಲ್ಲಿ ಹತ್ತಿ ಹಿಂಜುವ ಯಂತ್ರ, ಅದರ ಹಿಂದಿನ ಕೋಣೆಯಲ್ಲಿ ಸಂಸಾರ, ಅದರ ಹಿಂದೆ ಅಡುಗೆಮನೆ. ಯಂತ್ರ ಶುರುವಾಯಿತೆಂದರೆ ಹತ್ತಿಯ ಎಳೆ ಗಡಿಯಾರದ ಮುಳ್ಳಿನ ಮೇಲೂ ಕೂರುತ್ತದೆ, ಹಾಲಿನ ಪಾತ್ರೆಯಲ್ಲೂ ತೇಲುತ್ತದೆ. ಹತ್ತಿ ಎಷ್ಟು ಮೆತ್ತಗೆ ಎಂದು ಹೊಗಳುವವರೆಲ್ಲ ಅದರ ಮೇಲೆ ಮಲಗಿದವರು. ಒಳಗೆ ಎಳೆದುಕೊಂಡವರನ್ನು ಕೇಳಿ, ಹೇಳುತ್ತಾರೆ.

ಅತ್ತೆಯನ್ನು ಕೇಳಿದರೆ ಸಾಕು. ನಲವತ್ತು ವರ್ಷ ಹತ್ತಿಯಲ್ಲೇ ಬದುಕಿದ ಹೆಂಗಸು. ಆಕೆಯ ಕೆಮ್ಮಿಗೂ ಹತ್ತಿರ ಹತ್ತಿರ ಅಷ್ಟೇ ವಯಸ್ಸು. ಮನೆಯಲ್ಲಿ ಅದಕ್ಕೆ 'ಕಸುಬಿನ ಕೆಮ್ಮು' ಎಂದು ಹೆಸರು. ಕಸುಬಿನ ಕೆಮ್ಮಿಗೆ ಔಷಧಿ ಇಲ್ಲ, ಯೋಚನೆಯೂ ಇಲ್ಲ. ಯಂತ್ರದ ಸದ್ದು ಹೇಗೋ ಇದೂ ಹಾಗೆ. ಈ ಮನೆಗೆ ಕಳ್ಳ ಬರೋದಿಲ್ಲ, ಅಜ್ಜಿ ಎದ್ದೇ ಇದ್ದಾಳೆ ಅಂತ ಹೆದರ್ತಾನೆ ಎಂದು ಎದುರುಮನೆಯವರು ನಗುತ್ತಿದ್ದರು. ಅತ್ತೆಯೂ ನಗುತ್ತಿದ್ದರು, ಆಮೇಲೆ ಕೆಮ್ಮುತ್ತಿದ್ದರು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಈ ಮನೆಯಲ್ಲಿ ಹಾಗೇನೂ ಇರಲಿಲ್ಲ. ಇಬ್ಬರೂ ಒಂದೇ ಹಾಸಿಗೆಯ ಎರಡು ಕಡೆ ಕೂತು ಹೊಲಿದವರು. ಮಾತು ಕಡಿಮೆ, ಜಗಳ ಇನ್ನೂ ಕಡಿಮೆ. ಎಂಟು ವರ್ಷ ಮಕ್ಕಳಿಲ್ಲದೆ ಆಮೇಲೆ ಹುಟ್ಟಿದ ಆರು ವರ್ಷದ ಹೆಣ್ಣುಮಗು ಇಬ್ಬರ ಕಣ್ಣೂ ಆಗಿತ್ತು. ಅದಕ್ಕೆ ಗುಬ್ಬಿ ಎಂದು ಹೆಸರಿಟ್ಟದ್ದೂ ಅತ್ತೆಯೇ.

ರಜೆ ಬಂತು. ಲೋಕಕ್ಕೆಲ್ಲ ರಜೆ ಅಂದರೆ ಹಾಸಿಗೆಯವರಿಗೆ ಮೈಮುರಿಯುವ ಕೆಲಸ. ಮನೆ ಮನೆಗೆ ನೆಂಟರು ಬರುತ್ತಾರೆ, ನೆಂಟರಿಗೆ ಮಲಗಲು ಹಾಸಿಗೆ ಬೇಕು. ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನವನು ಎಂಟು ಹಾಸಿಗೆ ಹೇಳಿ ಹೋಗಿದ್ದ. ಅದೇ ವಾರ ಊರಲ್ಲಿ ಜ್ವರ, ಕೆಮ್ಮು ಎದ್ದಿತು. ಮೊದಲು ಅತ್ತೆಗೆ ಬಂತು, ಎರಡು ದಿನ ಬಿಟ್ಟು ಗಂಡನಿಗೆ, ಅದರ ಮರುದಿನ ಗುಬ್ಬಿಗೆ. ದಿಂಬಕ್ಕನನ್ನು ಮಾತ್ರ ಬಿಟ್ಟಿತು. ಯಾರಾದರೂ ಒಬ್ಬರು ಚಾಕರಿಗೆ ಬೇಕಲ್ಲ!

ಬೀದಿ ಕೊನೆಯ ಡಾಕ್ಟರು ಐದು ದಿನ ರಜೆ ಎಂದು ಬೋರ್ಡು ತಗುಲಿಸುತ್ತಿದ್ದಾಗ ಅವಳು ಮಗುವನ್ನು ಎತ್ತಿಕೊಂಡು ಓಡಿದಳು. ಅವರು ಒಳ್ಳೆಯ ಮನುಷ್ಯ, ಬೀಗ ತೆಗೆದು ನೋಡಿದರು. ಔಷಧಿ ಕೊಟ್ಟು, "ಮಲಗಿದಾಗ ಉಸಿರು ಎಣಿಸ್ತಾ ಇರಮ್ಮ. ನಿಮಿಷಕ್ಕೆ ಮೂವತ್ತು ದಾಟಿದ್ರೆ, ಇಲ್ಲ ಪಕ್ಕೆಲುಬಿನ ಕೆಳಗೆ ಚರ್ಮ ಒಳಗೆ ಎಳೀತಾ ಇದ್ರೆ ಯಾರನ್ನೂ ಕಾಯಬೇಡ, ಸೀದಾ ದೊಡ್ಡಾಸ್ಪತ್ರೆಗೆ ಹೋಗು," ಅಂದರು. ಅತ್ತೆಯ ವಿಷಯ ಅವಳು ಕೇಳಲಿಲ್ಲ, ಅವರೂ ಕೇಳಲಿಲ್ಲ.

ಯಂತ್ರ ನಿಲ್ಲಿಸಿ ಎಂದು ಅವಳು ಗಂಡನಿಗೆ ಗೋಗರೆದಳು. "ಲಾಡ್ಜಿನವನಿಗೆ ಮಾತು ಕೊಟ್ಟಿದೀನಲ್ಲೇ," ಎಂದು ಅವನು ನಡು ಬಾಗಿಲಿಗೆ ಒಂದು ಒದ್ದೆ ದುಪ್ಪಟಿ ಕಟ್ಟಿ, ಮೈಯಲ್ಲಿ ಜ್ವರ ಇಟ್ಟುಕೊಂಡೇ ಹತ್ತಿ ಹಿಂಜಿದ. ಒಳಗೆ ಬರುವ ಎಳೆಗಳೆಲ್ಲ ದುಪ್ಪಟಿಗೆ ಅಂಟಿಕೊಳ್ಳುತ್ತಿದ್ದವು. ಗಂಟೆಗೊಮ್ಮೆ ಅವಳು ಅದನ್ನು ತೊಳೆದು ಮತ್ತೆ ಕಟ್ಟುತ್ತಿದ್ದಳು. ಎಂಟನೆಯ ಹಾಸಿಗೆ ಮುಗಿಸಿ ಅವನು ಆ ಹಾಸಿಗೆಗಳ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಬಿದ್ದುಕೊಂಡ.

ಒಳಕೋಣೆಯಲ್ಲಿ ಒಂದು ಕಡೆ ಗುಬ್ಬಿ, ಇನ್ನೊಂದು ಕಡೆ ಅತ್ತೆ. ಮಗು ಕೆಮ್ಮಿದರೆ ಅಜ್ಜಿ ಏಳುತ್ತಾರೆ, ಅಜ್ಜಿ ಕೆಮ್ಮಿದರೆ ಮಗು. ಮೂರು ದಿನ ದಿಂಬಕ್ಕ ರೆಪ್ಪೆಗೆ ರೆಪ್ಪೆ ಹಚ್ಚಲಿಲ್ಲ. ಎಣಿಸುತ್ತಲೇ ಇದ್ದಳು. ಇಪ್ಪತ್ತಾರು, ಇಪ್ಪತ್ತೇಳು, ಮತ್ತೆ ಇಪ್ಪತ್ತಾರು. ನಾಲ್ಕನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ಗುಬ್ಬಿ ಕೊನೆಗೂ ನಿದ್ದೆ ಹೋಯಿತು. ಅಬ್ಬಾ ಎಂದು ಅವಳು ಗೋಡೆಗೆ ತಲೆ ಆನಿಸಿದ್ದಳಷ್ಟೇ, ಅತ್ತೆ ಶುರು ಮಾಡಿದರು. ಒಂದು, ಎರಡು, ನಿಲ್ಲಲೇ ಇಲ್ಲ. ಮಗು ಬೆಚ್ಚಿಬಿದ್ದು ಅಳತೊಡಗಿತು.

"ಸಾಕು ಮಾಡ್ತೀರಾ ಅತ್ತೆ ಆ ಕೆಮ್ಮು!" ದಿಂಬಕ್ಕನ ಬಾಯಿಂದ ಬಂದೇಬಿಟ್ಟಿತು. "ನಿಮ್ಮದು ನಲವತ್ತು ವರ್ಷದಿಂದ ಇದ್ದದ್ದೇ. ಮಗು ಮೂರು ದಿನದಿಂದ ನಿದ್ದೆ ಮಾಡಿಲ್ಲ. ಒಂದು ಗಳಿಗೆ ಬಾಯಿ ಮುಚ್ಕೊಂಡಿರೋಕೆ ಆಗಲ್ವಾ ನಿಮಗೆ?"

ಎಂಥ ಸೊಸೆ ಎಂದು ನೀವು ಮುಖ ಸಿಂಡರಿಸಬೇಡಿ. ಮೂರು ದಿನ ನಿದ್ದೆಗೆಟ್ಟು ಮಗುವಿನ ಉಸಿರು ಎಣಿಸಿ ನೋಡಿ, ನಿಮ್ಮ ಬಾಯಲ್ಲಿ ಏನೇನು ಬರುತ್ತದೋ ಆಗ ಗೊತ್ತಾಗುತ್ತದೆ. ಆದರೂ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೆ ಅವಳ ಮುಖ ನೋಡಿದರು. "ಆಯ್ತಮ್ಮ," ಅಂದರು. ಪಕ್ಕದಲ್ಲಿದ್ದ ಟವೆಲನ್ನು ಮಡಿಸಿ ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತರು. ಬೆನ್ನು ಅಲುಗುತ್ತಿತ್ತು, ಸದ್ದು ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅಲುಗುವುದೂ ನಿಂತಿತು. ಗುಬ್ಬಿ ಮತ್ತೆ ನಿದ್ದೆ ಹೋಯಿತು.

ಮನೆ ತಣ್ಣಗಾಯಿತು. ದಿಂಬಕ್ಕನಿಗೆ ನಿಜವಾಗಿಯೂ ಸಂತೋಷವಾಯಿತು. ಸದ್ಯ, ಇವರಿಗಾದರೂ ಗುಣವಾಯಿತು ಅಂದುಕೊಂಡಳು. ಕೆಮ್ಮಿದ್ದರೆ ಕಾಯಿಲೆ, ಇಲ್ಲದಿದ್ದರೆ ಇಲ್ಲ. ಆ ಮನೆಯಲ್ಲಿ ಬೇರೆ ಲೆಕ್ಕವೇ ಇರಲಿಲ್ಲ. ಮಧ್ಯಾಹ್ನ ಊಟಕ್ಕೆ ಎಬ್ಬಿಸಲು ಹೋದರೆ ಅತ್ತೆ ಕಣ್ಣು ತೆರೆಯದೆ ಹೂಂ ಅಂದರು. ಕಾಲು ಮುಟ್ಟಿದರೆ ತಣ್ಣಗಿತ್ತು. ಜ್ವರ ಇಳಿದಿದೆ ಎಂದು ಅವಳು ಕಾಲುಚೀಲ ತೊಡಿಸಿ ಕಂಬಳಿ ಹೊದಿಸಿದಳು.

ಮೂರು ಗಂಟೆಗೆ ಗುಬ್ಬಿಯ ಉಸಿರು ಮೂವತ್ತಾಯಿತು. ಮತ್ತೆ ಎಣಿಸಿದಳು, ಮೂವತ್ತಮೂರು. ಅಂಗಿ ಎತ್ತಿ ನೋಡಿದಳು. ಪಕ್ಕೆಲುಬಿನ ಕೆಳಗೆ ಚರ್ಮ ಗುಳಿ ಬಿದ್ದು ಒಳಗೆ ಹೋಗುತ್ತಿತ್ತು. ಮಗುವನ್ನು ಕಂಬಳಿ ಸಮೇತ ಬಾಚಿಕೊಂಡು ಮುಂಗೋಣೆಗೆ ಬಂದು ಗಂಡನಿಗೆ, "ರೀ, ನಾನು ಇವಳನ್ನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಅತ್ತೆ ಈಗ ಮಲಗಿದಾರೆ, ಸದ್ದು ಮಾಡಿ ಎಬ್ಬಿಸಬೇಡಿ," ಅಂದಳು. ಅವನು ಜ್ವರದ ಕಣ್ಣಲ್ಲೇ ತಲೆಯಾಡಿಸಿದ.

ಆಸ್ಪತ್ರೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅರ್ಧ ಸಿಬ್ಬಂದಿ ರಜೆಯ ಮೇಲೆ, ಊರೆಲ್ಲ ಕೆಮ್ಮುತ್ತ ಬೆಂಚಿನ ಮೇಲೆ. ಮಕ್ಕಳ ವಾರ್ಡು, ದೊಡ್ಡವರ ವಾರ್ಡು ಎನ್ನುವ ಭೇದವೆಲ್ಲ ಎತ್ತಿಟ್ಟು ಸಿಕ್ಕ ಸಿಕ್ಕಲ್ಲಿ ಮಂಚ ಹಾಕಿದ್ದರು. ಆದರೂ ಮಗುವಿನ ಎದೆ ನೋಡಿದ ಕೂಡಲೇ ನರ್ಸು ಸಾಲು ಬಿಡಿಸಿ ಒಳಗೆ ಕರೆದುಕೊಂಡಳು. ಮುಖಕ್ಕೆ ಮಾಸ್ಕು, ಕೈಗೆ ಸೂಜಿ. ಕಾಲು ಗಂಟೆಯಲ್ಲಿ ಗುಬ್ಬಿಯ ತುಟಿಗೆ ಬಣ್ಣ ಬಂತು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕಾಗದದ ಮೇಲೆ ಬರೆದುಕೊಳ್ಳುತ್ತ, "ಮನೇಲಿ ಬೇರೆ ಯಾರಿಗೆ ಹುಷಾರಿಲ್ಲ?" ಎಂದು ಕೇಳಿದಳು.

"ನಮ್ಮೆಜಮಾನ್ರಿಗೆ ಜ್ವರ. ಅತ್ತೆಗೆ ಕೆಮ್ಮಿತ್ತು, ಈಗ ನಿಂತಿದೆ."

"ಯಾವಾಗ ನಿಂತಿತು?"

"ಬೆಳಗ್ಗೆ ಹತ್ತು ಗಂಟೆಗೆ. ಆಗಿನಿಂದ ಚೆನ್ನಾಗಿ ನಿದ್ದೆ ಮಾಡ್ತಿದಾರೆ."

ಡಾಕ್ಟರಮ್ಮನ ಪೆನ್ನು ನಿಂತಿತು. "ಒಂದೇ ಸಲಕ್ಕೆ ನಿಂತಿತಾ? ಎಬ್ಬಿಸಿದ್ರೆ ಮಾತಾಡ್ತಾರಾ?"

"ಹೂಂ ಅಂದ್ರು. ಕಾಲು ತಣ್ಣಗಿದೆ, ಜ್ವರ..."

"ಅಮ್ಮ, ಅದು ನಿದ್ದೆ ಅಲ್ಲ. ಈಗಲೇ ಹೋಗಿ, ಈಗಲೇ ಕರ್ಕೊಂಡು ಬನ್ನಿ. ಮಗೂನ ನಾವು ನೋಡ್ಕೋತೀವಿ."

ಗುಬ್ಬಿ ಅವಳ ಬೆರಳು ಹಿಡಿದುಕೊಂಡಿತ್ತು. ಮಾಸ್ಕಿನೊಳಗಿಂದ "ಹೋಗ್ಬೇಡಮ್ಮ" ಅನ್ನುತ್ತಿತ್ತು. ಒಂದೊಂದೇ ಬೆರಳು ಬಿಡಿಸಿಕೊಂಡಳು ತಾಯಿ. ಆ ಸಂಕಟ ಯಾರ ಶತ್ರುವಿಗೂ ಬೇಡ. ಮೆಟ್ಟಿಲಿಳಿಯುತ್ತಲೇ ಗಂಡನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಐದು ಸಲ ಮಾಡಿದಳು. ಅಮ್ಮನಿಗೆ ಎಚ್ಚರವಾದೀತೆಂದು ಆ ಪುಣ್ಯಾತ್ಮ ಫೋನಿನ ಸದ್ದು ಅಡಗಿಸಿಟ್ಟಿದ್ದ. ಹೆಂಡತಿ ಹೇಳಿದ್ದನ್ನು ಅಷ್ಟು ಚೆನ್ನಾಗಿ ಅವನು ಪಾಲಿಸಿದ್ದು ಜನ್ಮದಲ್ಲಿ ಅದೊಂದೇ ಸಲ.

ಆಟೋ ಸಿಗಲಿಲ್ಲ. ರಸ್ತೆ ತುಂಬ ರಜೆಯ ಜನ, ಕೈಯಲ್ಲಿ ಚೀಲ, ಬಲೂನು, ನಗು. ಅವರನ್ನೆಲ್ಲ ತಳ್ಳಿಕೊಂಡು ಅವಳು ಓಡಿದಳು. ಚಪ್ಪಲಿ ಒಂದು ಕಿತ್ತುಹೋಯಿತು, ಇನ್ನೊಂದನ್ನೂ ಅಲ್ಲೇ ಬಿಟ್ಟಳು. ದೇವರೇ, ನಾನಂದದ್ದು ಬಾಯಿಮಾತು, ಬಾಯಿಮಾತು ಎಂದು ಗೊಣಗುತ್ತ ಓಡಿದಳು.

ಬಾಗಿಲಲ್ಲಿ ಲಾಡ್ಜಿನವನ ಟೆಂಪೋ ನಿಂತಿತ್ತು. ಅವನೊಬ್ಬನೇ ಹಾಸಿಗೆ ಹೇರುತ್ತ, "ಏನಕ್ಕಾ, ಮನೇಲಿ ಒಂದು ನರಪಿಳ್ಳೆಯೂ ಕೈ ಹಚ್ಚಲ್ವಲ್ಲ," ಎಂದು ರಾಗ ತೆಗೆದ. ಅವಳು ಅವನನ್ನು ದಾಟಿ ಒಳಗೆ ಹೋದಳು. ಅತ್ತೆ ಅದೇ ಗೋಡೆಗೆ ಒರಗಿದ್ದರು. ತುಟಿ ನೀಲಿ, ಉಗುರು ನೀಲಿ. ಬಾಯಿ ತೆರೆದು, ಬಿಸಿ ಹಾಲು ಹೀರುವ ಹಾಗೆ ಚೂರು ಚೂರೇ ಗಾಳಿ ಎಳೆದುಕೊಳ್ಳುತ್ತಿದ್ದರು. ಅಲುಗಿಸಿದಳು, ಕೂಗಿದಳು. ಹೂಂ ಕೂಡ ಬರಲಿಲ್ಲ.

"ಮಲಗಿದಾರಲ್ಲೇ," ಎಂದು ಗಂಡ ತೂರಾಡುತ್ತ ಬಾಗಿಲಿಗೆ ಬಂದ.

ಲಾಡ್ಜಿನವನು ಬಾಯಿಬಡುಕನಾದರೂ ಮನುಷ್ಯ. ಇಣುಕಿ ನೋಡಿದವನೇ ಮಾತಿಲ್ಲದೆ ಅಜ್ಜಿಯನ್ನು ಎತ್ತಿ ಟೆಂಪೋದಲ್ಲಿದ್ದ ತನ್ನ ಹೊಸ ಹಾಸಿಗೆಗಳ ಮೇಲೆ ಮಲಗಿಸಿದ. ದಾರಿಯುದ್ದಕ್ಕೂ ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ. ಹಿಂದೆ ದಿಂಬಕ್ಕ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ತಪ್ಪಾಯ್ತು ಅತ್ತೆ, ತಪ್ಪಾಯ್ತು," ಅನ್ನುತ್ತಲೇ ಇದ್ದಳು. ಜೊತೆಗೆ ಹತ್ತಿ ಕೂತಿದ್ದ ಗಂಡ "ಏನು ತಪ್ಪು?" ಎಂದು ಕೇಳಿದ. ಅವಳು ಅತ್ತೆಯ ಕೈ ಉಜ್ಜುತ್ತ ಮತ್ತೆ ಅದನ್ನೇ ಅಂದಳು.

ಗುಬ್ಬಿಯ ಪಕ್ಕದ ಮಂಚವೇ ಸಿಕ್ಕಿತು. ಅತ್ತೆಯ ಬಾಯಿಗೆ ದೊಡ್ಡ ಮಾಸ್ಕು ಕಟ್ಟಿ, ಡಾಕ್ಟರಮ್ಮ ಹೊರಗೆ ಬಂದು, "ಎದೆ ತುಂಬ ಕಫ ಕಟ್ಟಿದೆ. ಅದು ಹೊರಗೆ ಬರಬೇಕು, ಅವರೇ ಕೆಮ್ಮಬೇಕು. ಕೆಮ್ಮು ಬಂದ್ರೆ ಆಸೆ ಇಟ್ಕೊಳ್ಳಿ. ಅಲ್ಲೀವರೆಗೆ ನಾನೇನೂ ಹೇಳಲಾರೆ," ಅಂದಳು.

ಆಗ ದಿಂಬಕ್ಕ ಬಾಯಿಬಿಟ್ಟಳು. "ಕೆಮ್ಮಬೇಡಿ ಅಂತ ನಾನೇ ಬೈದೆ ಡಾಕ್ಟರೇ. ಬಾಯಿ ಮುಚ್ಕೊಂಡಿರಿ ಅಂದೆ."

"ಬೈದ್ರೆ ನಿಲ್ಲೋ ಕೆಮ್ಮಲ್ಲಮ್ಮ ಇದು. ಕೆಮ್ಮೋದಕ್ಕೂ ಶಕ್ತಿ ಬೇಕು, ಅದು ಮುಗಿದಿತ್ತು," ಅಂದಳು ಡಾಕ್ಟರಮ್ಮ. ನಂಬಲು ದಿಂಬಕ್ಕನಿಗೆ ಬಹಳ ಆಸೆಯಿತ್ತು, ಆಗಲಿಲ್ಲ. ಗಂಡ ಏನಾದರೂ ಅನ್ನಲಿ, ಹೊಡೆಯಲಿ ಎಂದು ಅವನ ಕಡೆ ನೋಡಿದಳು. ಅವನು ನೆಲ ನೋಡುತ್ತ, "ನೀನು ಬೈದದ್ದು ಕೇಳಿಸ್ತು. ಕೆಮ್ಮು ನಿಂತದ್ದೂ ಕೇಳಿಸ್ತು. ಸದ್ಯ, ನಿಂತಿತಲ್ಲ ಅಂತ ನಾನೂ ಮಗ್ಗುಲು ಬದಲಾಯಿಸಿ ಮಲಗಿದೆ ಕಣೇ," ಅಂದ. ಇಬ್ಬರೂ ಆ ಬೆಂಚಿನ ಮೇಲೆ ಕೂತು ಅತ್ತರು.

ಮೂರು ದಿನ ಅವಳು ಆ ಕೆಮ್ಮಿಗಾಗಿ ಕಾದಳು. ಸುತ್ತಲೂ ಇಡೀ ವಾರ್ಡು ಕೆಮ್ಮುತ್ತಿತ್ತು, ಆ ಒಂದು ಮಂಚ ಬಿಟ್ಟು. ಗುಬ್ಬಿ ಚೇತರಿಸಿಕೊಂಡು ಮಾಸ್ಕು ಬಿಟ್ಟು ಉಸಿರಾಡತೊಡಗಿತು. "ಅಜ್ಜಿ ಯಾಕೆ ಏಳಲ್ಲ?" ಎಂದು ಕೇಳುತ್ತಲೇ ಇತ್ತು. ಡಾಕ್ಟರಮ್ಮ ಬಂದಾಗಲೆಲ್ಲ ಅತ್ತೆಯ ಎದೆಗೆ ಸ್ಟೆತೊಸ್ಕೋಪು ಇಟ್ಟು ಕೇಳಿ, ಮುಂದಿನ ಮಂಚಕ್ಕೆ ಹೋಗುತ್ತಿದ್ದಳು.

ಮೂರನೆಯ ದಿನ ಮಧ್ಯಾಹ್ನ ಊಟದ ಗಾಡಿ ಹೋದ ಮೇಲೆ ವಾರ್ಡಿಗೆ ಜೊಂಪು ಹತ್ತಿತ್ತು. ಗುಬ್ಬಿಯೂ ಮಲಗಿತ್ತು. ಅತ್ತೆ ಕಣ್ಣು ತೆರೆದರು. ದಿಂಬಕ್ಕ ಬಗ್ಗಿ "ಅತ್ತೆ" ಅಂದಳು. ಅವರ ಎದೆ ಮೇಲೆದ್ದಿತು, ಕತ್ತಿನ ನರ ಉಬ್ಬಿತು. ಬರುತ್ತಿತ್ತು, ಕೆಮ್ಮು ಬರುತ್ತಿತ್ತು! ಅಷ್ಟರಲ್ಲಿ ಅತ್ತೆಯ ಕಣ್ಣು ಪಕ್ಕದ ಮಂಚದ ಮೇಲೆ ಮಲಗಿದ್ದ ಮಗುವಿನ ಮೇಲೆ ಬಿತ್ತು. ಸೂಜಿ ಚುಚ್ಚಿದ ಕೈಯನ್ನು ಎತ್ತಿ, ಮಾಸ್ಕಿನ ಮೇಲೆ ಬಾಯಿಗೆ ಅಡ್ಡ ಒತ್ತಿಕೊಂಡರು. ಮೈಯೆಲ್ಲ ಅದುರಿತು. ಸದ್ದು ಹೊರಬರಲಿಲ್ಲ.

"ಕೆಮ್ಮಿ ಅತ್ತೆ! ಕೈ ತೆಗೀರಿ, ಕೆಮ್ಮಿ!" ದಿಂಬಕ್ಕ ಆ ಕೈ ಹಿಡಿದು ಎಳೆದಳು. ಅತ್ತೆ ಇಲ್ಲವೆಂದು ತಲೆಯಾಡಿಸಿದರು. ಮುಖ ಮತ್ತೆ ಕಪ್ಪಿಡುತ್ತಿತ್ತು. ಆ ಒಣಕಲು ಕೈಯಲ್ಲಿ ಅಷ್ಟು ಹಟ ಎಲ್ಲಿತ್ತೋ, ಸೊಸೆಗೆ ಬಿಡಿಸಲು ಆಗಲಿಲ್ಲ.

ಅವಳು ಕೈ ಬಿಟ್ಟು ತಿರುಗಿ, ಗಾಢ ನಿದ್ದೆಯಲ್ಲಿದ್ದ ಮಗಳ ಎರಡೂ ತೋಳು ಹಿಡಿದು ಜಗ್ಗಿ ಕೂರಿಸಿದಳು. "ಏಳೇ ಗುಬ್ಬಿ! ಎದ್ದಿದೀನಿ ಅಂತ ಅಜ್ಜಿಗೆ ಹೇಳು, ಬೇಗ ಹೇಳು!"

ಮಗು ಗಾಬರಿಯಾಗಿ ಅಳುತ್ತಲೇ ಕೂಗಿತು. "ಎದ್ದಿದೀನಿ ಅಜ್ಜಿ! ನಾನು ಎದ್ದೇ ಇದೀನಿ!"

ಅತ್ತೆ ಮಗುವನ್ನೇ ನೋಡಿದರು. ಆಮೇಲೆ ಕೈ ಇಳಿಸಿದರು. ಆಗ ಬಂದ ಕೆಮ್ಮಿಗೆ ವಾರ್ಡಿನ ಅರ್ಧ ಜನ ಎದ್ದು ಕೂತರು.